ಮಿತಿಯನ್ನು ಎತ್ತಿಸುವ ಮುನ್ನ

ಹದಿನೆಂಟು ವರ್ಷಗಳ ಹಿಂದೆ, ವಿಮಾನ ನಗರದಲ್ಲಿ ನಾವು ಹೋಟೆಲು ತೆರೆದ ಮೊದಲನೆಯ ಬೇಸಗೆಯಲ್ಲಿ, ರುಬ್ಬುವ ಯಂತ್ರವೂ ಫ್ರಿಜ್ಜೂ ಒಟ್ಟಿಗೆ ನಡೆದಾಗಲೆಲ್ಲ ಫ್ಯೂಜು ಹೋಗುತ್ತಿತ್ತು. ಬೆಳಗಿನ ಐದು ಗಂಟೆಗೆ ಹಿಟ್ಟು ಅರ್ಧ ನುರಿದಿರುವಾಗಲೇ ಅಡುಗೆಮನೆಯೆಲ್ಲ ಕತ್ತಲೆ. ಏಳು ಗಂಟೆಗೆ ಗಿರಾಕಿಗಳು ಬಾಗಿಲಲ್ಲಿ ಬಂದು ನಿಲ್ಲುವರು. ರೋಸಿಹೋದ ನಾವು ಒಬ್ಬ ಹುಡುಗನನ್ನು ಕರೆಸಿ ಫ್ಯೂಜಿಗೆ ದಪ್ಪನೆಯ ತಂತಿಯನ್ನು ಕಟ್ಟಿಸಿದೆವು. ಹದಿನೈದು ದಿವಸ ಸುಖವಾಗಿತ್ತು. ಆಮೇಲೊಂದು ಮುಂಜಾನೆ ಗೋಡೆಯೊಳಗಿನ ವೈರೇ ಕಾದು ಕರಗಿ, ಸ್ವಿಚ್ಚಿನ ಹಲಗೆ ಹೊತ್ತಿಕೊಂಡಿತು. ಬಳಿಕ ಬಂದ ಅನುಭವಸ್ಥ ಮೇಸ್ತ್ರಿ ಹೇಳಿದ್ದು ಇಷ್ಟೆ: ರುಬ್ಬುವ ಯಂತ್ರದ ಮೋಟಾರಿನ ಬೇರಿಂಗು ಹಿಡಿದುಕೊಂಡಿತ್ತು, ಆದುದರಿಂದ ಅದು ಎಳೆಯಬೇಕಾದುದಕ್ಕಿಂತ ಹೆಚ್ಚು ಕರೆಂಟನ್ನು ಎಳೆಯುತ್ತಿತ್ತು. ಫ್ಯೂಜು ದಿನವೂ ನಮಗೆ ಅದನ್ನೇ ತಿಳಿಸುತ್ತಿತ್ತು. ನಾವು ಅದರ ಬಾಯಿ ಕಟ್ಟಿದೆವು.

ಈ ಹಳೆಯ ಸಂಗತಿಯನ್ನು ಇಂದು ವಾಚಕರ ಮುಂದಿಡಲು ಕಾರಣವುಂಟು. ನಮ್ಮವರಲ್ಲಿ ಅನೇಕ ತರುಣರು, ಹೋಟೆಲಿನ ಕೌಂಟರಿನಲ್ಲಿ ಕೂರುವವರೂ ಕಚೇರಿಗಳಲ್ಲಿ ಲೆಕ್ಕಪತ್ರ ಬರೆಯುವವರೂ, ಕಂತಿನ ಸಾಲ ತೆಗೆದು ಸೆಕೆಂಡ್ ಹ್ಯಾಂಡ್ ಟರ್ಬೋ ಕಾರುಗಳನ್ನು ಕೊಳ್ಳತೊಡಗಿದ್ದಾರೆ. ಕೊಂಡದ್ದು ತಪ್ಪಲ್ಲ. ನಾವಿರುವುದೇ ಮೋಟಾರುಗಳ ಊರಿನಲ್ಲಿ. ವಾಹನಗಳನ್ನು ಪರೀಕ್ಷಿಸುವ ಎ.ಆರ್.ಎ.ಐ. ಸಂಸ್ಥೆ 1966ರಲ್ಲಿ ಸ್ಥಾಪಿತವಾದದ್ದು ಇಲ್ಲಿಯೇ. ಚಾಕಣದಲ್ಲಿ 2009ರಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ತೆರೆಯಿತು. ಅಲ್ಲಿಂದ 2013ರಲ್ಲಿ ಹೊರಬಂದ ಪೋಲೋ ಜಿ.ಟಿ. ಎಂಬ ಪುಟ್ಟ ಕಾರು, 1.2 ಲೀಟರಿನ ಎಂಜಿನಿನಿಂದಲೇ 105 ಅಶ್ವಶಕ್ತಿಯನ್ನು ಕೊಟ್ಟು ತರುಣರ ಮನಸ್ಸನ್ನು ಗೆದ್ದಿತು. ಇಂಥ ಕಾರುಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳ ಬೆನ್ನಿಗೇ, ಎಂಜಿನಿನ ಕಂಪ್ಯೂಟರಿನೊಳಗಿನ ಅಂಕಿಗಳನ್ನು ತಿದ್ದಿ ಇನ್ನಷ್ಟು ಶಕ್ತಿ ಬರಿಸಿಕೊಡುತ್ತೇವೆಂದು ಹೇಳುವ ಟ್ಯೂನಿಂಗ್ ಗ್ಯಾರೇಜುಗಳೂ ಬಂದಿವೆ. ಅವುಗಳಲ್ಲಿ ಬಲ್ಲವರೂ ಉಂಟು, ದಪ್ಪ ತಂತಿ ಕಟ್ಟುವವರೂ ಉಂಟು.

ನಮ್ಮ ಅಕ್ಕನ ಮಗನೊಬ್ಬ ಇಲ್ಲಿಯೇ ಒಂದು ಕಂಪೆನಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದಾನೆ. ಅವನೂ ಅಂಥದೊಂದು ಕಾರನ್ನು ಕೊಂಡು, ಟ್ಯೂನಿಂಗನ್ನೂ ಮಾಡಿಸಿದ. ಎರಡು ವರ್ಷಗಳ ಹಿಂದೆ ಚೌತಿಗೆ ಊರಿಗೆ ಹೊರಟಾಗ ನಾವೂ ಆ ಕಾರಿನಲ್ಲಿದ್ದೆವು. ಸಾತಾರೆಯ ಹಾದಿಯ ಖಂಬಾಟಕಿ ಘಾಟಿನಲ್ಲಿ, ಐದು ಜನರನ್ನು ಹೊತ್ತು ಏರುತ್ತಿದ್ದ ಕಾರು ಒಮ್ಮಿಂದೊಮ್ಮೆ ಸೋತಿತು. ಕಾಲಡಿಯ ಪೆಡಲನ್ನು ಪೂರ್ತಿ ಒತ್ತಿದರೂ ಉತ್ತರವಿಲ್ಲ. ಹಿಂದಿನ ಲಾರಿಯವನು ಹಾರ್ನು ಬಡಿಯುತ್ತಿದ್ದಾನೆ. ಸ್ವಲ್ಪ ಹೊತ್ತು ನಿಲ್ಲಿಸಿ ಹೊರಟರೆ ಮತ್ತೆ ಸರಿ. ಮುಂದಿನ ಏರಿನಲ್ಲಿ ಮತ್ತೆ ಅದೇ ಪಾಡು. ಮರಳಿ ಬಂದಮೇಲೆ ಗ್ಯಾರೇಜಿನವನು, "ಕಂಪ್ಯೂಟರಿನ ಲೋಡ್ ಲಿಮಿಟ್ ತಾಗುತ್ತಿದೆ, ಅದನ್ನು ಎತ್ತಿಬಿಟ್ಟರೆ ಆಯಿತು" ಎಂದನಂತೆ. "ಏನು ಮಾಡಲಿ ಮಾವ?" ಎಂದು ಹುಡುಗ ಕೇಳಿದಾಗ, "ಎತ್ತಿಸಿಬಿಡು, ದಾರಿಯಲ್ಲಿ ನಿಲ್ಲುವುದು ಬೇಡ" ಎಂದು ಹೇಳಿ ಆರು ಸಾವಿರ ರೂಪಾಯಿ ಕೊಟ್ಟವರು ನಾವೇ. ಫ್ಯೂಜಿನ ಪಾಠ ಆಗ ನೆನಪಿಗೆ ಬರಲಿಲ್ಲ.

ಈ ಲೋಡು ಎಂದರೇನು? ಡಿಕ್ಕಿಯಲ್ಲಿ ಹೇರಿದ ಮೂಟೆಯ ತೂಕವಲ್ಲ. ಎಂಜಿನಿನ ಸಿಲಿಂಡರು ಒಂದೊಂದು ಉಸಿರಿಗೆ ಎಷ್ಟು ಗಾಳಿಯನ್ನು ತುಂಬಿಕೊಂಡಿತೆಂಬುದರ ಅಳತೆಯೇ ಲೋಡು. ಯಾವ ಒತ್ತಡದ ನೆರವೂ ಇಲ್ಲದೆ ಸಿಲಿಂಡರು ಸಂಪೂರ್ಣ ತುಂಬಿದರೆ ಅದು ಸುಮಾರು ನೂರು ಎಂದು ಲೆಕ್ಕ. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಯಂತ್ರಜ್ಞನು ಪೇಟೆಂಟು ಪಡೆದ ಟರ್ಬೋ ಯಂತ್ರವು, ವ್ಯರ್ಥವಾಗಿ ಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಗಾಳಿಯನ್ನು ಸಿಲಿಂಡರಿಗೆ ಒತ್ತಿ ತುಂಬುತ್ತದೆ. ಆಗ ಲೋಡು ನೂರೈವತ್ತಕ್ಕೂ ಅದರಾಚೆಗೂ ಏರಬಲ್ಲುದು. ಗಾಳಿ ಹೆಚ್ಚಿದಷ್ಟು ಪೆಟ್ರೋಲು, ಪೆಟ್ರೋಲು ಹೆಚ್ಚಿದಷ್ಟು ಶಕ್ತಿ. ಅದರ ಸಂಗಡವೇ ಶಾಖ ಮತ್ತು ಒತ್ತಡ. ಆ ಪುಟ್ಟ ಚಕ್ರವು ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಅದನ್ನು ತಿರುಗಿಸುವ ಹೊಗೆಯ ಶಾಖವು 900 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ. ಈ ಬೆಂಕಿಯ ಮುಂದೆ ಕಾವಲಿರುವುದು ಕಂಪ್ಯೂಟರು.

ಆ ಕಾವಲಿನಲ್ಲಿ ಮಿತಿ ಒಂದೇ ಅಲ್ಲ, ಹಲವು. ಎಂಜಿನಿನ ಪ್ರತಿಯೊಂದು ವೇಗಕ್ಕೂ ಗರಿಷ್ಠ ಲೋಡು ಇಷ್ಟೆಂಬ ಕೋಷ್ಟಕವಿದೆ. ಒಳಕ್ಕೆ ಬರುವ ಗಾಳಿ ಬಿಸಿಯಾದರೆ ಅದನ್ನು ಇಳಿಸುವ ಕೋಷ್ಟಕ ಬೇರೆ. ಪೆಟ್ರೋಲು ಹೊತ್ತಬೇಕಾದ ಕ್ರಮದಲ್ಲಿ ಹೊತ್ತದೆ ಸಿಡಿದರೆ, ಅಂದರೆ ಎಂಜಿನು ಕುಟ್ಟತೊಡಗಿದರೆ, ಆ ಸದ್ದನ್ನು ಕೇಳಿ ಕಿಡಿಯನ್ನು ತಡಮಾಡುವ ಏರ್ಪಾಡಿದೆ. ಗೇರುಪೆಟ್ಟಿಗೆ ತಡೆಯಬಲ್ಲ ತಿರುಗುಬಲಕ್ಕೂ ಮಿತಿಯುಂಟು. ಮೇಲೆ ಹೇಳಿದ ಪೋಲೋ ಕಾರಿನ ಏಳು ಗೇರಿನ ತಾನೇ ಬದಲಾಗುವ ಪೆಟ್ಟಿಗೆಯು 250 ನ್ಯೂಟನ್ ಮೀಟರಿನವರೆಗೆ ಮಾತ್ರ ತಡೆಯುವಂತೆ ರಚಿತವಾದದ್ದು. ಎಂಜಿನು ಕೊಡುತ್ತಿದ್ದುದು 175. ನಡುವಣ ಅಂತರವೇ ಅದರ ಆಯುಷ್ಯ. ಇನ್ನು ಗಾಳಿಯ ಒತ್ತಡವನ್ನು ಅಳೆಯುವ ಸೆನ್ಸರಿಗೂ ಒಂದು ಕೊನೆಯುಂಟು. 2.5 ಬಾರಿನವರೆಗೆ ಅಳೆಯುವ ಸೆನ್ಸರಿನ ಮೇಲೆ 2.7 ಬಾರಿನ ಒತ್ತಡ ಬಿದ್ದರೂ ಅದು ತನ್ನ ಕೊನೆಯ ಅಂಕಿಯನ್ನೇ ಹೇಳುತ್ತ ನಿಲ್ಲುತ್ತದೆ. ಕಂಪ್ಯೂಟರು ಅಲ್ಲಿಂದ ಮುಂದೆ ಕುರುಡು. ಇವೆಲ್ಲವೂ ಮೀರಿದರೆ ಕೊನೆಯ ಕಾವಲೆಂದರೆ ಪೆಟ್ರೋಲನ್ನೇ ತಡೆಯುವುದು ಇಲ್ಲವೆ ಗಾಳಿಯ ಬಾಗಿಲನ್ನು ಮುಚ್ಚುವುದು.

ಹೀಗಿರಲು, "ಲಿಮಿಟ್ ತಾಗಿತು" ಎಂಬ ಮಾತು, "ರೋಗಿಗೆ ಜ್ವರ ಬಂದಿದೆ" ಎಂಬಷ್ಟೇ ಅರ್ಥವುಳ್ಳದ್ದು. ಯಾವ ಜ್ವರವೆಂದು ನೋಡದೆ ಜ್ವರದ ಮಾಪಕವನ್ನೇ ಒಡೆದುಹಾಕಿದರೆ ರೋಗ ಹೋಗುವುದೆ?

ನಮ್ಮ ಅಳಿಯನ ಕಾರಿನಲ್ಲಿ ಆದದ್ದು ಅದೇ. ಗ್ಯಾರೇಜಿನವನು ಲೋಡಿನ ಗರಿಷ್ಠ ಅಂಕಿಯನ್ನು ಎತ್ತಿದ್ದಲ್ಲದೆ, ಗಾಳಿಯ ಶಾಖಕ್ಕೆ ತಕ್ಕಂತೆ ಲೋಡನ್ನು ಇಳಿಸುವ ಕೋಷ್ಟಕವನ್ನೂ ಮೊಂಡುಮಾಡಿದ್ದ. ಮೂರು ತಿಂಗಳು ಕಾರು ಹಾರಿತು. ಅನಂತರ ಹಿಂದಿನಿಂದ ನೀಲಿ ಹೊಗೆ ಬರತೊಡಗಿತು. ಆಗ ನಮಗೆ ಪರಿಚಿತರಾದ, ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಹಿರಿಯ ಯಂತ್ರಜ್ಞರೊಬ್ಬರ ಬಳಿ ಕೊಂಡೊಯ್ದೆವು. ಅವರು ಬಾನೆಟ್ಟನ್ನೂ ಎತ್ತದೆ, ಮೊದಲು ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಒಂದು ಉಪಕರಣವನ್ನು ಸಿಕ್ಕಿಸಿ, ಕಾರನ್ನು ಒಂದು ಏರಿನಲ್ಲಿ ಓಡಿಸಿ, ಅಂಕಿಗಳನ್ನೆಲ್ಲ ದಾಖಲು ಮಾಡಿಕೊಂಡರು. ಬಳಿಕ ಮೇಜಿನ ಮೇಲೆ ಆ ದಾಖಲೆಯನ್ನಿಟ್ಟು, ಲೆಕ್ಕದ ಪುಸ್ತಕದಂತೆ ನಮಗೆ ಓದಿ ಹೇಳಿದರು. ಎಸ್.ಎಸ್.ಎಲ್.ಸಿ.ಯವರೆಗೆ ಮಾತ್ರ ಓದಿದ ನಮಗೂ ಅದು ತಿಳಿಯಿತು. ಅಂದಮೇಲೆ ದಿನವೂ ಜಮಾಖರ್ಚು ಬರೆಯುವ ನಮ್ಮ ಗುಮಾಸ್ತ ಬಂಧುಗಳಿಗೆ ತಿಳಿಯದೆ ಇರಲಾರದು.

ನೋಡಬೇಕಾದುದು ಎರಡು ಕಲಮುಗಳನ್ನು: ಕಂಪ್ಯೂಟರು ಕೇಳಿದ ಲೋಡು ಎಷ್ಟು, ನಿಜವಾಗಿ ದೊರೆತ ಲೋಡು ಎಷ್ಟು. ನಮ್ಮ ಕಾರಿನಲ್ಲಿ ಕೇಳಿದ್ದು 160, ದೊರೆತದ್ದು 134. ಗಾಳಿಯ ಬಾಗಿಲು ಪೂರ್ತಿ ತೆರೆದಿದೆ, ಟರ್ಬೋ ತನ್ನ ಶಕ್ತಿಯನ್ನೆಲ್ಲ ಹಾಕುತ್ತಿದೆ, ಆದರೂ ಲೆಕ್ಕ ತಾಳೆಯಾಗುವುದಿಲ್ಲ. ಹಾಗಿದ್ದರೆ ದಾರಿಯಲ್ಲಿ ಎಲ್ಲಿಯೋ ಸೋರಿಕೆ. ಮುಂದಿನ ಕಲಮಿನಲ್ಲಿ ಒಳಬರುವ ಗಾಳಿಯ ಶಾಖ 68 ಡಿಗ್ರಿ. ಅದಕ್ಕೂ ಮುಂದಿನದರಲ್ಲಿ ಕಿಡಿಯನ್ನು ಏಳೆಂಟು ಡಿಗ್ರಿಯಷ್ಟು ತಡಮಾಡಿದ ಗುರುತು. ಅವರು ಕೊಳವೆಗೆ ಸಣ್ಣ ಒತ್ತಡದ ಗಾಳಿಯನ್ನು ಹಾಯಿಸಿ, ನಾವು ಹೋಟೆಲಿನಲ್ಲಿ ಗ್ಯಾಸ್ ಸಿಲಿಂಡರಿನ ಸೋರಿಕೆಯನ್ನು ನೋಡುವಂತೆಯೇ ಸಾಬೂನಿನ ನೀರನ್ನು ಹಚ್ಚಿದರು. ಟರ್ಬೋದಿಂದ ಹೊರಡುವ ರಬ್ಬರು ಕೊಳವೆಯ ಬಾಯಲ್ಲಿ ಗುಳ್ಳೆಗಳೆದ್ದವು. ಕ್ಲಿಪ್ಪು ಸಡಿಲ, ಕೊಳವೆಯಲ್ಲಿ ಸೀಳು. ನಗರ ರಸ್ತೆಯ ಧೂಳಿನಿಂದ ಏರ್ ಫಿಲ್ಟರೂ ಕಟ್ಟಿಹೋಗಿತ್ತು.

ಕಾರ್ಯಕಾರಣವು ಆಗ ಸ್ಪಷ್ಟವಾಯಿತು. ಸೋರಿಹೋದ ಗಾಳಿಯನ್ನು ತುಂಬಿಕೊಡಲು ಟರ್ಬೋ ಹೆಚ್ಚು ತಿರುಗಿತು. ಹೆಚ್ಚು ತಿರುಗಿದ್ದರಿಂದ ಗಾಳಿ ಕಾದಿತು. ಕಾದ ಗಾಳಿಯಿಂದ ಎಂಜಿನು ಕುಟ್ಟತೊಡಗಿತು. ಕಂಪ್ಯೂಟರು ಹೆದರಿ ಶಕ್ತಿಯನ್ನು ಇಳಿಸಿತು. ಘಾಟಿನಲ್ಲಿ ನಾವು ಕಂಡದ್ದು ಆ ಭಯವನ್ನು. ಗ್ಯಾರೇಜಿನವನು ಮಿತಿಯನ್ನು ಎತ್ತಿದಾಗ ಸೋರಿಕೆ ಮುಚ್ಚಲಿಲ್ಲ; ಟರ್ಬೋಗೆ ಮತ್ತಷ್ಟು ತಿರುಗೆಂದು ಆಜ್ಞೆಯಾಯಿತು, ಅಷ್ಟೆ. ಅದರ ಬೇರಿಂಗು ಸವೆದು ಎಣ್ಣೆ ಒಳಗಿಳಿಯಿತು. ಕೆಲವು ನೂರು ರೂಪಾಯಿಯ ಕೊಳವೆ ಮತ್ತು ಕ್ಲಿಪ್ಪಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಹುಡುಗನ ಮೂರು ತಿಂಗಳ ಸಂಬಳ ಹೋಯಿತು; ಕಾರಿನ ಕಂತು ಬೇರೆ ನಿಂತಿರಲಿಲ್ಲ. ಆ ವರ್ಷ ಅವನು ಊರಿಗೆ ಹಣ ಕಳಿಸುವುದು ತಡವಾಯಿತು. ಅದರಲ್ಲಿ ನಮ್ಮ ಸಲಹೆಯ ಪಾಲೂ ಇದೆಯೆಂಬುದನ್ನು ನಾವು ಮುಚ್ಚಿಡುವುದಿಲ್ಲ.

ದಾಖಲೆಯನ್ನು ಓದುವ ಕ್ರಮವನ್ನು ಇನ್ನೂ ಸ್ವಲ್ಪ ವಿವರಿಸುವುದು ಒಳ್ಳೆಯದು. ಕೇಳಿದ್ದಕ್ಕಿಂತ ದೊರೆತದ್ದು ಕಡಿಮೆಯಾದರೆ ಸೋರಿಕೆ, ಕಟ್ಟಿದ ಫಿಲ್ಟರು, ಸೋತ ಟರ್ಬೋ, ಇವುಗಳಲ್ಲೊಂದೆಂದು ಊಹಿಸಬೇಕು. ಕಂಪ್ಯೂಟರು ಆಗ ಸಾಮಾನ್ಯವಾಗಿ ಪಿ 0299 ಎಂಬ ಸಂಕೇತವನ್ನು ಬರೆದಿಡುತ್ತದೆ. ದೊರೆತದ್ದು ಕೇಳಿದ್ದನ್ನು ಮೀರಿ, ಕಾರು ಗಕ್ಕನೆ ಜಗ್ಗಿದರೆ, ಹೆಚ್ಚಿನ ಹೊಗೆಯನ್ನು ಬದಿಗೆ ಬಿಡುವ ವಾಲ್ವು ಹಿಡಿದುಕೊಂಡಿರಬಹುದು ಅಥವಾ ಅದರ ಕೊಳವೆ ಕಳಚಿರಬಹುದು. ಅದಕ್ಕೆ ಸಂಕೇತ ಪಿ 0234. ಕೇಳುವುದನ್ನೇ ಕಂಪ್ಯೂಟರು ತಾನಾಗಿ ಇಳಿಸುತ್ತಿದ್ದರೆ, ಶಾಖ, ಕುಟ್ಟು, ಗೇರುಪೆಟ್ಟಿಗೆ, ಈ ಮೂರರಲ್ಲಿ ಯಾರು ತಡೆಯುತ್ತಿದ್ದಾರೆಂದು ಬಗೆದು ನೋಡಬೇಕು. ಇವು ಮೂರೂ ಸರಿಯಾಗಿದ್ದು, ಲೋಡು ಒಂದೇ ಅಂಕಿಯಲ್ಲಿ ಗೀಟು ಎಳೆದಂತೆ ನಿಂತರೆ ಮಾತ್ರವೇ ಅದು ಕೋಷ್ಟಕದ ಮಿತಿ ಅಥವಾ ಸೆನ್ಸರಿನ ಕೊನೆ. ಒಳಬರುವ ಗಾಳಿಯನ್ನು ಮೀಟರಿನಿಂದ ಅಳೆಯುವ ಕೆಲವು ಕಾರುಗಳಲ್ಲಿ ಇನ್ನೊಂದು ತೊಡಕುಂಟು: ಮೀಟರಿನ ಆಚೆಗೆ ಸೋರಿಕೆಯಾದರೆ, ಎಂಜಿನಿಗೆ ಸೇರದ ಗಾಳಿಯೂ ಲೆಕ್ಕಕ್ಕೆ ಸೇರಿ, ಲೋಡು ಸುಳ್ಳಾಗಿ ಏರಿದಂತೆ ಕಾಣುತ್ತದೆ. ಅಲ್ಲಿ ಮಿತಿಯನ್ನು ಎತ್ತುವುದೆಂದರೆ ತಪ್ಪು ಲೆಕ್ಕಕ್ಕೆ ಸಹಿ ಹಾಕಿದಂತೆ.

ಮೊಬೈಲಿನಲ್ಲಿ ನೋಡುವವರು ಇನ್ನೊಂದು ವಿಷಯದಲ್ಲಿ ಜಾಗರೂಕರಾಗಿರಬೇಕು. ಅಗ್ಗದ ಉಪಕರಣವನ್ನು ಸಿಕ್ಕಿಸಿ ನೋಡಿದಾಗ ಲೋಡು ನೂರರಲ್ಲಿ ನಿಂತದ್ದನ್ನು ಕಂಡು, "ಮಿತಿ ಬಂದೇಬಿಟ್ಟಿತು" ಎಂದು ಗಾಬರಿಯಾಗುವ ಹುಡುಗರುಂಟು. ಎಲ್ಲ ಕಾರುಗಳಿಗೂ ಸಾಮಾನ್ಯವಾದ "ಲೆಕ್ಕಿಸಿದ ಲೋಡು" ಎಂಬ ಅಂಕಿ ಎಂದೂ ನೂರನ್ನು ದಾಟುವಂತೆ ಇಲ್ಲ. ಆ ಕ್ಷಣದಲ್ಲಿ ಎಂಜಿನಿಗೆ ಸಾಧ್ಯವಾದುದರಲ್ಲಿ ಎಷ್ಟು ಪಾಲು ನಡೆಯುತ್ತಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಟರ್ಬೋ ತುಂಬಿದ ಗಾಳಿಯನ್ನು ತೋರಿಸುವುದು "ಪೂರ್ಣ ಲೋಡು" ಎಂಬ ಬೇರೆ ಅಂಕಿ. ಇವೆರಡನ್ನು ಕಲಸಿಕೊಂಡು ಹಣ ತೆತ್ತವರನ್ನು ನಾವೇ ಕಂಡಿದ್ದೇವೆ.

ಊರಿಗೂ ಘಟ್ಟದ ಮೇಲಿನ ಪೇಟೆಗಳಿಗೂ ಓಡಾಡುವ ನಾವು ಮರೆಯಬಾರದ ಸಂಗತಿ ಇನ್ನೊಂದಿದೆ. ಮಂಗಳೂರಿನಲ್ಲಿ ಕಡಲ ಮಟ್ಟದ ಗಾಳಿಯ ಒತ್ತಡ 1,013 ಮಿಲಿಬಾರಿನಷ್ಟು. ಕಡಲಿನಿಂದ 560 ಮೀಟರು ಎತ್ತರದ ಪುಣೆಯಲ್ಲಿ ಅದು 950ರ ಸುಮಾರಿಗೆ ಇಳಿಯುತ್ತದೆ. 920 ಮೀಟರು ಎತ್ತರದ ಬೆಂಗಳೂರಿನಲ್ಲಿ 910ರ ಸುಮಾರು. ಸಿಲಿಂಡರಿಗೆ ಒಟ್ಟು 1.8 ಬಾರಿನ ಗಾಳಿ ಬೇಕೆಂದು ಕಂಪ್ಯೂಟರು ಹಟ ಹಿಡಿದರೆ, ಕರಾವಳಿಯಲ್ಲಿ ಟರ್ಬೋ ಗಾಳಿಯನ್ನು 1.78 ಪಟ್ಟು ಒತ್ತಿದರೆ ಸಾಕು, ಪುಣೆಯಲ್ಲಿ 1.9 ಪಟ್ಟು, ಬೆಂಗಳೂರಿನಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು ಒತ್ತಬೇಕು. ಕೆಳಗೆ ಸುಖವಾಗಿ ಓಡಿದ ಟ್ಯೂನಿಂಗು ಮೇಲೆ ಏದುಸಿರು ಬಿಡುವುದು ಇದರಿಂದಲೇ. ಪೆಟ್ರೋಲಿನ ಮಾತೂ ಹಾಗೆಯೇ. 2020ರ ಬಿ.ಎಸ್. 6 ನಿಯಮವು ಸಾಮಾನ್ಯ ಪೆಟ್ರೋಲಿಗೆ ಹೇಳಿದ್ದು ಕನಿಷ್ಠ 91 ಆಕ್ಟೇನು. ಯುರೋಪಿನಲ್ಲಿ ಸಾಮಾನ್ಯ ಪೆಟ್ರೋಲೇ 95. ಶೇಕಡಾ 20 ಎಥನಾಲು ಬೆರೆತ ಪೆಟ್ರೋಲು ಕುಟ್ಟನ್ನು ತಡೆಯುವುದರಲ್ಲಿ ಮೇಲಾದರೂ, ಲೀಟರಿನಲ್ಲಿರುವ ಶಾಖ ಸುಮಾರು ಶೇಕಡಾ 6ರಿಂದ 7ರಷ್ಟು ಕಡಿಮೆ. ಅಷ್ಟು ಹೆಚ್ಚಿನ ಇಂಧನವನ್ನು ಇಂಜೆಕ್ಟರುಗಳೇ ಒದಗಿಸಬೇಕು. ಪರದೇಶದಲ್ಲಿ ಬರೆದ ಫೈಲನ್ನು ಹಾಗೆಯೇ ತಂದು ಇಲ್ಲಿನ ಕಾರಿಗೆ ಹಾಕುವವನು ಇದನ್ನು ಯೋಚಿಸಿದ್ದಾನೆಯೆ ಎಂದು ಕೇಳಬೇಕಲ್ಲವೆ?

ಟ್ಯೂನಿಂಗ್ ಎಂಬುದೇ ಅನಾಚಾರವೆಂದು ನಾವು ಹೇಳುವುದಿಲ್ಲ. ಅದೊಂದು ವಿದ್ಯೆ. ಬಲ್ಲವನು ಮೊದಲು ಇದ್ದ ಕೇಡುಗಳನ್ನು ಸರಿಪಡಿಸುತ್ತಾನೆ. ಒತ್ತಡ ಹೆಚ್ಚಬೇಕಿದ್ದರೆ ಅದನ್ನು ಅಳೆಯಬಲ್ಲ ಸೆನ್ಸರನ್ನು ಹಾಕಿ, ಅದರ ಅಳತೆಯನ್ನು ಕಂಪ್ಯೂಟರಿಗೆ ಕಲಿಸುತ್ತಾನೆ. ಇಂಧನ ಸಾಲುವುದೆ, ಗಾಳಿ ತಣಿಯುವುದೆ ಎಂದು ನೋಡುತ್ತಾನೆ. ಅನಂತರವೇ ಲೋಡನ್ನು ಹಂತಹಂತವಾಗಿ ಕೇಳುತ್ತಾನೆ. ಕೊನೆಯಲ್ಲಿ ರಕ್ಷಣೆಯ ಮಿತಿಯನ್ನು ಹೊಸ ಲೋಡಿಗಿಂತ ತುಸು ಮೇಲಕ್ಕೆ ಸರಿಸಿ ಅಲ್ಲಿಯೇ ನಿಲ್ಲಿಸುತ್ತಾನೆ. ಎಂದೂ ಅದನ್ನು ಕಿತ್ತುಹಾಕುವುದಿಲ್ಲ. ಕೆಲಸ ತಿಳಿಯದವನು ಈ ಸಾಲಿನ ಕೊನೆಯ ಮೆಟ್ಟಿಲಿನಿಂದಲೇ ಪ್ರಾರಂಭಿಸುತ್ತಾನೆ. ವ್ಯತ್ಯಾಸವನ್ನು ಗುರುತಿಸಲು ನಮಗೆ ಇಷ್ಟು ಸಾಕು.

ಕಾನೂನನ್ನೂ ಮರೆಯಬಾರದು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕನು ಮೊದಲು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ವಾಹನದ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದೆಂದಿದೆ. ಕಂಪ್ಯೂಟರಿನ ಅಂಕಿ ಯಾರ ಕಣ್ಣಿಗೆ ಕಾಣುತ್ತದೆ ಎನ್ನಬೇಡಿರಿ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪೆನಿಯ ಡೀಸೆಲ್ ಎಂಜಿನುಗಳ ತಂತ್ರಾಂಶದ ಹಗರಣವು ಜಗತ್ತಿಗೆಲ್ಲ ತಿಳಿದಾಗ, ನಮ್ಮ ಪುಣೆಯ ಎ.ಆರ್.ಎ.ಐ. ಸಂಸ್ಥೆಯ ಪರೀಕ್ಷೆಯ ಬೆನ್ನಿಗೆ ಭಾರತದಲ್ಲಿಯೂ ಸುಮಾರು 3.23 ಲಕ್ಷ ಕಾರುಗಳನ್ನು ತಿದ್ದುಪಡಿಗಾಗಿ ಮರಳಿ ಕರೆಯಬೇಕಾಯಿತು. ದೊಡ್ಡ ಕಂಪೆನಿಯ ಅಂಕಿಯೇ ಹೊರಬಿದ್ದಮೇಲೆ ನಮ್ಮದು ಅಡಗಿರುವುದೆ? ತಿಳಿಸದೆ ಮಾಡಿಸಿದ ಮಾರ್ಪಾಡನ್ನು ಮುಂದಿಟ್ಟುಕೊಂಡು ವಾರಂಟಿಯನ್ನೋ ವಿಮೆಯ ಹಣವನ್ನೋ ನಿರಾಕರಿಸುವ ಸಂಭವವೂ ಇದೆ. ಸಂಬಳದ ಮೇಲೆ ಬದುಕುವವನಿಗೆ ಇದು ಸಣ್ಣ ಮಾತಲ್ಲ.

ಆದುದರಿಂದ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟು. ಯಾರಾದರೂ ನಿಮ್ಮ ಕಾರಿನ ಮಿತಿಯನ್ನು ಎತ್ತುತ್ತೇನೆಂದರೆ, ಮೊದಲು ದಾಖಲೆಯನ್ನು ತೋರಿಸೆಂದು ಕೇಳಿರಿ. ಕೇಳಿದ ಲೋಡು, ದೊರೆತ ಲೋಡು, ಗಾಳಿಯ ಶಾಖ, ಕಿಡಿಯ ತಡ, ಇವು ನಾಲ್ಕೂ ಕಾಗದದ ಮೇಲಿರಲಿ. ಯಾವ ಮಿತಿ, ಯಾವ ಕಾರಣದಿಂದ ತಾಗಿತೆಂದು ಅವನು ಹೇಳಲಿ. ಮೊದಲಿದ್ದ ಫೈಲಿನ ಪ್ರತಿಯನ್ನು ಉಳಿಸಿ ನಿಮ್ಮ ಕೈಗೆ ಕೊಡಲಿ. ಇದನ್ನು ಕೇಳಲು ನಾಚಿಕೊಳ್ಳಬೇಕಾಗಿಲ್ಲ. ಒಂದು ಕಾಫಿಯ ಬಿಲ್ಲಿನಲ್ಲಿ ಐದು ರೂಪಾಯಿ ಹೆಚ್ಚು ಬಂದರೆ ಗಿರಾಕಿಯು ನಮ್ಮನ್ನು ನಿಲ್ಲಿಸಿ ಕೇಳುವುದಿಲ್ಲವೆ? ಲಕ್ಷಗಟ್ಟಲೆ ಸಾಲದ ಕಾರಿನ ವಿಷಯದಲ್ಲಿ ನಾವೇಕೆ ಸುಮ್ಮನಿರಬೇಕು? ದಾಖಲೆ ತೋರಿಸಲಾರದವನ ಬಾಗಿಲಿನಿಂದ ಕಾರನ್ನು ಹಿಂದಕ್ಕೆ ತಿರುಗಿಸಿರಿ.

ನಮ್ಮ ಅಳಿಯನ ಕಾರು ಈಗ ಕಾರ್ಖಾನೆಯ ಮೂಲ ಅಂಕಿಗಳಿಗೇ ಮರಳಿದೆ. ಕಳೆದ ಚೌತಿಗೆ ಅದೇ ಐದು ಜನ ಅದೇ ಘಾಟನ್ನು ಏರಿದೆವು. ಒಮ್ಮೆಯೂ ನಿಲ್ಲಲಿಲ್ಲ. ಹೊಸ ಕೊಳವೆಯ ಬೆಲೆ ಎಷ್ಟೆಂದು ದಾರಿಯಲ್ಲಿ ಯಾರೋ ಕೇಳಿದರು; ಹುಡುಗ ನಮ್ಮ ಮುಖ ನೋಡಿ ನಕ್ಕ.